ಸಮುದ್ರದ ಗೋಬಿ

ಆ ದಿನಗಳಲ್ಲಿ ನನಗೆ ಏಳು ವರ್ಷವಿದ್ದಿರಬೇಕು, ಎಂಟೂ ಇರಬಹುದು. ಎರಡು ಸಾವಿರದ ನಂತರದ ಮೊದಲ ವರ್ಷಗಳು. ಮೆಲ್ಬರ್ನ್‌ನ ಕ್ಲೇಟನ್‌ನಲ್ಲಿ ಒಂದು ಬಾಡಿಗೆ ಮನೆ, ಅದರಲ್ಲಿ ನಾನು, ಅಪ್ಪ ಇಬ್ಬರೇ. ಇಷ್ಟು ಖಚಿತ. ಉಳಿದದ್ದರಲ್ಲಿ ಎಷ್ಟು ನಡೆದದ್ದು, ಎಷ್ಟು ನಾನೇ ಆಮೇಲೆ ಹೆಣೆದದ್ದು ಎಂದು ಆಣೆ ಮಾಡಿ ಹೇಳಲಾರೆ.

ಒಂದೆರಡು ತಿಂಗಳಿಗೆಂದು ಧಾರವಾಡಕ್ಕೆ ಹೋದ ಅವ್ವ ಬೇಸಿಗೆ ಬಂದರೂ ಬಂದಿರಲಿಲ್ಲ. ಬರುತ್ತಾಳೋ ಇಲ್ಲವೋ ಎಂದು ನಾನು ಕೇಳುತ್ತಿರಲಿಲ್ಲ. ಅಪ್ಪನೂ ಹೇಳುತ್ತಿರಲಿಲ್ಲ.

ರಜೆಯಿದ್ದರೆ ಅಪ್ಪ ಬಸ್ಸಿನಲ್ಲಿ ಸಮುದ್ರಕ್ಕೆ ಕರೆದೊಯ್ಯುತ್ತಿದ್ದ. ಡಬ್ಬಿಯಲ್ಲಿ ಚಪಾತಿ, ಶೇಂಗಾ ಚಟ್ನಿ. ನೀರು ಇಳಿದಾಗ ಬಂಡೆಗಳ ನಡುವೆ ಹೊಂಡಗಳು ಉಳಿಯುತ್ತಿದ್ದವು, ಪಾಚಿಯ ವಾಸನೆ ಮೂಗಿಗೆ ಅಡರುತ್ತಿತ್ತು. ಒಂದು ದಿನ ಅಂಥ ಒಂದು ಹೊಂಡದ ತಳದಲ್ಲಿ, ಮಗುಚಿಬಿದ್ದ ಚಿಪ್ಪಿನ ಬಾಯಲ್ಲಿ, ಬೆರಳುದ್ದದ ಮರಳುಬಣ್ಣದ ಮೀನು ಕೂತಿತ್ತು. ನಮ್ಮ ನೆರಳು ಬಿದ್ದಾಗ ತುಸು ಹಿಂದೆ ಸರಿದು ಮತ್ತೆ ಅಲ್ಲಿಗೇ ಬಂತು.

ಅಪ್ಪ ದಂಡೆಯ ಮೇಲಿದ್ದ ಫಲಕ ಓದಿ ಬಂದ. "ಇದಕ್ಕ ಗೋಬಿ ಅಂತಾರ. ಒಳಗ ತತ್ತಿ ಅದಾವ, ಕಾಯಾಕತ್ತೈತಿ."

"ವೇರ್ ಈಸ್ ದ ಮಮ್?" ಎಂದೆ.

"ತತ್ತಿ ಇಟ್ಟು ಹೋಗಿರತಾಳ. ಇದು ಅಪ್ಪ."

ತಿರುಗಿ ಬರುತ್ತಾಳೇನು ಎಂದು ಕೇಳಿದೆ ಅನಿಸುತ್ತದೆ. ಅಪ್ಪ ಡಬ್ಬಿಯ ಮುಚ್ಚಳ ಹಾಕಿದ.

ಮರುದಿನ ಅವ್ವನ ಫೋನ್ ಬಂದಾಗ, ಸಮುದ್ರದಲ್ಲಿ ಗೋಬಿ ನೋಡಿದೆವು ಎಂದು ಹೇಳಿದೆ.

"ಗೋಬಿ ಸಮುದ್ರದಾಗ ಬೆಳಿತೈತೇನೋ? ಹಂಗಾರ ಕಿತ್ಕೊಂಡು ಬಂದು ಮಂಚೂರಿ ಮಾಡು ಅನ್ನು ನಿಮ್ಮಪ್ಪಗ."

ಅವ್ವ ನಕ್ಕಳು. ಅವಳ ನಗು ಕೇಳಿ ಬಹಳ ದಿನವಾಗಿತ್ತು. ಅದು ಮೀನು ಎಂದು ನಾನು ತಿದ್ದಲಿಲ್ಲ. ತಿದ್ದಿದ್ದರೆ ಅದರ ಕತೆಯನ್ನೂ ಹೇಳಬೇಕಾಗುತ್ತಿತ್ತು.

"ನೀ ಬಂದ ಮ್ಯಾಲೆ ತೋರಸ್ತೀನಿ," ಎಂದೆ.

ಆ ಕಡೆ ನಗು ನಿಂತಿತು.

ಅವ್ವ ಬರಲಿಲ್ಲ. ಆ ಬೇಸಿಗೆಯ ಸುಡುವ ಮಧ್ಯಾಹ್ನಗಳಲ್ಲಿ ಅಪ್ಪ ನನ್ನನ್ನು ಬರಿನೆಲದ ಮೇಲೆ ಮಲಗಿಸಿ, ಅಂಗಡಿಯ ಜಾಹೀರಾತು ಹಾಳೆ ಮಡಚಿ ಗಾಳಿ ಹಾಕುತ್ತಿದ್ದ ಎಂದು ನೆನಪು. ಮನೆಯಲ್ಲಿ ಫ್ಯಾನ್ ಇದ್ದಿರಲೂಬಹುದು. ಕೇಳೋಣವೆಂದರೆ ಅಪ್ಪ ಈಗಿಲ್ಲ. ನಾನೀಗ ಸಿಡ್ನಿಯ ಸ್ಕೋಫೀಲ್ಡ್ಸ್‌ನಲ್ಲಿದ್ದೇನೆ. ಕೋಣೆ ಕೋಣೆಗೂ ಏಸಿ ಇದೆ, ಸಮುದ್ರ ದೂರ, ಧಾರವಾಡದ ಮಾತಾಡುವವರು ಮನೆಯಲ್ಲಿ ಯಾರೂ ಇಲ್ಲ.

ಮೀನಿನ ವಿಷಯವನ್ನು ಮಾತ್ರ ಪುಸ್ತಕ ತೆಗೆದು ನೋಡಿದೆ. ಅದು ನಿಜ. ಹೆಣ್ಣು ಹೋದ ಮೇಲೆ, ಮರಿಗಳು ಹೊರಬರುವವರೆಗೂ ಗಂಡು ಗೋಬಿ ಅಲ್ಲೇ ಕೂತು ತತ್ತಿಗಳಿಗೆ ರೆಕ್ಕೆಯಿಂದ ನೀರು ಬೀಸುತ್ತಿರುತ್ತದೆ.