ಔಟ್ ಆಫ್ ಡೇಂಜರ್

ನಾನಾಗ ಹರಿಹರದಲ್ಲಿ ಹೈಸ್ಕೂಲಿಗೆ ಸೇರಿದ ಹೊಸತು. ನಮ್ಮ ಮನೆಯಲ್ಲಿ ಇಂಗ್ಲಿಷ್ ಅಕ್ಷರ ಗೊತ್ತಿದ್ದವಳು ನಾನೊಬ್ಬಳೇ. ಆ ವರ್ಷ ಅವ್ವನಿಗೆ ತಡೆಯಲಾರದ ಹೊಟ್ಟೆನೋವು ಬಂದು, ಅಪ್ಪ ದಾವಣಗೆರೆಯ ಆಸ್ಪತ್ರೆಗೆ ಸೇರಿಸಿದ. ಆಪರೇಷನ್ ಆಯಿತು. ಎರಡು ದಿನ ಅವಳು ಸರಿಯಾಗಿ ಕಣ್ಣು ಬಿಡಲಿಲ್ಲ.

ಮೂರನೆಯ ದಿನ ಬೆಳಿಗ್ಗೆ ಡಾಕ್ಟರು ಅವ್ವನ ನಾಡಿ ಹಿಡಿದು ನೋಡಿ, ನರ್ಸಿಗೆ ಏನೋ ಹೇಳಿ ಹೊರಟುಹೋದರು. ಬಾಗಿಲಲ್ಲಿ ನಿಂತಿದ್ದ ನನ್ನ ಕಿವಿಗೆ ಎರಡು ಪದ ಬಿದ್ದವು: ಔಟ್, ಡೇಂಜರ್. ಎರಡೂ ನನಗೆ ಗೊತ್ತಿದ್ದವೇ. ಕರೆಂಟಿನ ಕಂಬಕ್ಕೆ ಬಡಿದ ತಗಡಿನಲ್ಲಿ, ತಲೆಬುರುಡೆಯ ಚಿತ್ರದ ಮೇಲೆ ಡೇಂಜರ್ ಎಂದಿತ್ತು. ಕಬಡ್ಡಿಯಲ್ಲಿ ಔಟ್ ಆದವರನ್ನು ನಾವು ಸತ್ತರು ಎನ್ನುತ್ತಿದ್ದೆವು. ಅಪ್ಪನ ಬಳಿಗೆ ಓಡಿದೆ.

ಹೊರಗೆ ವರಾಂಡದಲ್ಲಿ ಕೂತಿದ್ದ ಅಪ್ಪ, "ಏನಂದ್ರವ್ವ ಡಾಕ್ಟ್ರು?" ಎಂದ.

"ಡೇಂಜರ್ ಅಂತಪ್ಪ. ಅವ್ವ ಔಟ್ ಅಂದ್ರು."

"ಹಂಗಂದ್ರ?"

"ಉಳಿಯಲ್ಲ ಅಂತ."

ಡಾಕ್ಟರನ್ನೇ ಕೇಳೋಣವೆಂದು ಅವನಿಗೆ ತೋಚಲಿಲ್ಲ. ಓದುವ ಮಗಳು ಹೇಳಿದ್ದಳಲ್ಲ. "ನಿಮ್ಮಜ್ಜೀನ ಕರ್ಕಂಡು ಬರ್ತೀನಿ. ಮಗಳ ಮುಖ ಆದ್ರೂ ನೋಡ್ಲಿ" ಎಂದು ಅಜ್ಜಿಯ ಊರಾದ ಬಾತಿಗೆ ಹೊರಟ.

ನಾನೊಬ್ಬಳೇ ಉಳಿದೆ. ಒಳಗೆ ಹೋಗಲು ಧೈರ್ಯವಾಗಲಿಲ್ಲ. ನಾನು ನೋಡುತ್ತಿರುವಾಗಲೇ ಅವ್ವನ ಉಸಿರು ನಿಂತುಬಿಟ್ಟರೆ? ಬಾಗಿಲ ಪರದೆ ಅಲುಗಿದಾಗಲೆಲ್ಲ ಕಣ್ಣು ಮುಚ್ಚಿಕೊಂಡೆ. ಕೂತಲ್ಲಿಂದ ಏಳಲಿಲ್ಲ.

ಕಡೆಗೆ ನರ್ಸೇ ಬಂದರು. "ಯಾಕ ಇಲ್ಲೇ ಕುಂತಿ? ಒಳಗೆ ಬಾ, ನಿಮ್ಮವ್ವ ನೀರು ಕೇಳ್ತಾ ಅದಾರೆ."

"ಡಾಕ್ಟ್ರು ಔಟ್ ಅಂದ್ರಲ್ರಿ..."

ಅವರಿಗೆ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. "ಔಟ್ ಆಫ್ ಡೇಂಜರ್ ಅಂದ್ರವ್ವ. ಗಂಡಾಂತರದಿಂದ ಪಾರಾದ್ರು, ಇನ್ನು ಹೆದರೋದು ಬ್ಯಾಡ ಅಂತ."

ನನ್ನ ಹೆದರಿಕೆ ಹೋಗಲಿಲ್ಲ, ಬೇರೆ ಕಡೆ ತಿರುಗಿತು. ಅಜ್ಜಿಗೆ ಮೊದಲೇ ಎದೆನೋವು. ಸುದ್ದಿ ಕೇಳಿ ಅವಳಿಗೇನಾದರೂ ಆದರೆ? ಅಪ್ಪನನ್ನು ತಡೆಯಲು ರಸ್ತೆಗೆ ಓಡಿದೆ. ಬಸ್ಸು ಹೋಗಿ ಎಷ್ಟೋ ಹೊತ್ತಾಗಿತ್ತು.

ಮಧ್ಯಾಹ್ನ ಅಜ್ಜಿ ಅಪ್ಪನ ತೋಳು ಹಿಡಿದು, ಗೇಟಿನಿಂದಲೇ ಗೋಳಾಡುತ್ತಾ ಬಂದಳು. ಅವ್ವ ಪಾರಾದಳೆಂದು ನಾನು ಕೂಗಿ ಹೇಳಿದ್ದು ಅವಳ ಕಿವಿಗೆ ಬೀಳಲೇ ಇಲ್ಲ. ಮಂಚ ಹಿಡಿದು ಅಳತೊಡಗಿದಾಗ ಅವ್ವ ಕಣ್ಣು ತೆರೆದು, "ಯಾಕವ್ವ, ಮನ್ಯಾಗ ಯಾರಿಗೇನಾತು?" ಎಂದು ಕೇಳಿದಳು.

ನರ್ಸ್ ಹೇಳಿದ್ದನ್ನು ತಿಳಿಸಿದಾಗ ಅಪ್ಪ ಗೋಡೆಗೆ ಒರಗಿ ನೆಲದ ಮೇಲೆ ಕೂತ. ಏಟು ಬೀಳುತ್ತದೆಂದು ನಾನು ಹಿಂದೆ ಸರಿದೆ. ಅವನು ಬೈಯಲೂ ಇಲ್ಲ. ಹತ್ತಿರ ಕರೆದು, "ಗೊತ್ತಿಲ್ದಿದ್ರೆ ಗೊತ್ತಿಲ್ಲ ಅಂತ ಹೇಳವ್ವ" ಎಂದ.