ತಲೆಯಿಲ್ಲದ ಡೋವರ್ ಸೋಲ್

ತೊಂಬತ್ತರ ದಶಕದ ಮಾತು. ನಮ್ಮ ಗ್ರೀನ್ ಕಾರ್ಡಿಗೆ ನನ್ನ ಗಂಡನ ಬಾಸ್ ಪತ್ರ ಬರೆದುಕೊಡಬೇಕಿತ್ತು. ಬಾಸ್ ಇಂಗ್ಲೆಂಡಿನವರು. ಅವರ ಊರಿನ ಡೋವರ್ ಸೋಲ್ ನಮ್ಮ ಮಂಗಳೂರಿನ ನಂಗ್ ಮೀನಿನ ಹಾಗೇ ಚಪ್ಪಟೆ, ನನ್ನ ಹೆಂಡತಿ ಅದನ್ನು ಸೊಗಸಾಗಿ ಹುರಿಯುತ್ತಾಳೆ ಎಂದು ಅಮೆರಿಕದ ಪಶ್ಚಿಮ ಕರಾವಳಿಯ ಟೊರ್ರಿ ಪೈನ್ಸ್‌ನ ಲ್ಯಾಬಿನಲ್ಲಿ ಇವರು ಕೊಚ್ಚಿಕೊಂಡು, ಶನಿವಾರ ಊಟಕ್ಕೆ ಕರೆದೇಬಿಟ್ಟಿದ್ದರು.

ಅಂಗಡಿಯಲ್ಲಿ ಆ ಹೆಸರಿನ ಚೀಟಿಯ ಹಿಂದೆ ಬರೀ ಬಿಳಿ ತುಂಡುಗಳಿದ್ದವು. ಊರಿಂದ ಬಂದಿದ್ದ ಅತ್ತೆ ತಡೆದರು. "ತಲೆಯೇ ಇಲ್ಲ ಮಾರಾಯ್ತಿ. ಕಿವಿರು ನೋಡದೆ ಮೀನು ತಗೊಳ್ಳುವುದುಂಟಾ?"

"ಹೆಸರು ಬರೆದಿದ್ದಾರಲ್ಲ ಅತ್ತೆ, ಇದು ಅಮೆರಿಕ," ಎಂದು ಸಿಡುಕಿದೆ.

ಸಂಜೆ ಮಸಾಲೆ ಹಚ್ಚಿ ಕಾವಲಿಗೆ ಹಾಕಿದರೆ ಮೀನು ಹಿಟ್ಟಿನ ಹಾಗೆ ಕುಸಿಯಿತು. ಮಗುಚಲು ಹೋದಷ್ಟೂ ಪುಡಿಯಾಯಿತು. ಅಷ್ಟರಲ್ಲಿ ಬಾಗಿಲ ಬೆಲ್ ಆಯಿತು. ಅತ್ತೆ ನನ್ನನ್ನು ಪಕ್ಕಕ್ಕೆ ಸರಿಸಿ, ಈರುಳ್ಳಿ, ಕಾಯಿತುರಿ ಹಾಕಿ ಅದನ್ನೇ ಪಲ್ಯ ಮಾಡಿದರು.

ಬಾಸ್ ಒಂದು ತುತ್ತು ತಿಂದು ಚಮಚ ಕೆಳಗಿಟ್ಟರು. ಇದು ಡೋವರ್ ಸೋಲ್ ಅಲ್ಲ, ಆ ಮೀನು ಈ ಸಮುದ್ರದಲ್ಲೇ ಇಲ್ಲ, ಇಲ್ಲಿನ ಬೇರೊಂದು ಮೀನನ್ನು ಆ ಹೆಸರಿನಲ್ಲಿ ಮಾರುತ್ತಾರೆ ಎಂದರು. ನನ್ನ ಗಂಡ ತಟ್ಟೆಯಿಂದ ತಲೆಯೆತ್ತಲಿಲ್ಲ.

"ಏನಂತೆ?" ಎಂದರು ಅತ್ತೆ. ಹೇಳಿದೆ.

"ಚೀಟಿ ಓದಲಿಕ್ಕೆ ನನಗೆ ಬರುವುದಿಲ್ಲ. ತಲೆ ಇದ್ದಿದ್ದರೆ ಯಾವ ಮೀನೂಂತ ಅಂಗಡಿಯಲ್ಲೇ ಹೇಳ್ತಿದ್ದೆ," ಎಂದು ಅತ್ತೆ ಬಾಸ್ ತಟ್ಟೆಗೆ ಇನ್ನೊಂದು ಸೌಟು ಬಡಿಸಿದರು.

ಅತ್ತೆ ಏನೆಂದರು ಎಂದು ಬಾಸ್ ನನ್ನನ್ನು ಕೇಳಿದರು. ಇಂಗ್ಲಿಷ್ ಬರುತ್ತಿದ್ದವಳು ನಾನು. ಸಂಕೋಚ ಬೇಡ, ಊಟ ಮಾಡಿ ಎನ್ನುತ್ತಿದ್ದಾರೆ ಎಂದು ಅನುವಾದಿಸಿದೆ.