ಮರುಳಸಿದ್ದಪ್ಪನವರ ಹಿಮದ ಲೆಕ್ಕ

ಬನಶಂಕರಿಯ ಪೇಂಟ್ ಅಂಗಡಿ ಮರುಳಸಿದ್ದಪ್ಪನವರಿಗೆ ಹಿಮದ ಮೇಲೆ ಸ್ಕೀಯಿಂಗ್ ಮಾಡುವ ಹುಚ್ಚು ಹತ್ತಿ ಆರು ವರ್ಷವಾಯಿತು. ಇನ್ನೂ ಕಾಶ್ಮೀರದ ಗುಲ್ಮಾರ್ಗ್ ಕಂಡಿಲ್ಲ, ಖರ್ಚಿನ ಪಟ್ಟಿ ಮಾತ್ರ ವರ್ಷವರ್ಷವೂ ಸಣ್ಣಗಾಗುತ್ತಿದೆ. ಬಣ್ಣ ಕೊಳ್ಳಲು ಬಂದವರಿಗೂ "ಬೂಟು ಅಲ್ಲೇ ಬಾಡಿಗೆಗೆ ಸಿಗತ್ತೆ ಸಾರ್, ಕೊಂಡ್ರೆ ದಂಡ" ಎನ್ನುತ್ತಾರೆ. ಪಟ್ಟಿಯಲ್ಲಿ ವಿಮಾನ ಹೊಡೆದುಹಾಕಿ ರೈಲು ಬರೆದರು. ಹೋಟೆಲ್ ಊಟ ತೆಗೆದು ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ ಸೇರಿಸಿದರು. ಕಲಿಸುವವನನ್ನು ಐದು ದಿನದಿಂದ ಎರಡಕ್ಕೆ ಇಳಿಸಿ, ಉಳಿದ ಪಾಠಕ್ಕೆ ಮನೆಯ ನುಣುಪು ನೆಲದಲ್ಲೇ ಕಾಲುಚೀಲ ಹಾಕಿಕೊಂಡು ಜಾರುತ್ತಾರೆ. ಒಂದು ಸಾಲಿಗೆ ಮಾತ್ರ ಇದುವರೆಗೂ ಅವರ ಪೆನ್ನು ತಾಗಿಲ್ಲ: ಹೆಂಡತಿ ಕಮಲಾದೇವಿಗೆ ಹಿಮದ ಬೆಟ್ಟ ಹತ್ತಿಸುವ ಕೇಬಲ್ ಕಾರ್ ಟಿಕೆಟ್. "ಮಂಡಿ ಆಪರೇಷನ್ ಆದವಳು, ನಾನ್ಯಾಕ್ರೀ ಅಲ್ಲಿಗೆ?" ಎಂದು ಆಕೆ ಕೇಳಿದರೆ, "ನಾನು ಬಿದ್ದಾಗ ನಗೋಕೆ ನಮ್ಮವರು ಅಂತ ಒಬ್ರು ಬೇಡ್ವೇನೇ?" ಎನ್ನುತ್ತಾರೆ.